ಬುಧವಾರದ ಸೀಟಿ

ವಾಡಿ ಜಂಕ್ಷನ್ನಿನ ರೈಲ್ವೆ ಕಾಲೊನಿಯಲ್ಲಿ ಗಂಡ ಬಂದ ಸುದ್ದಿಯನ್ನು ಹೆಂಡತಿಗೆ ಮುಟ್ಟಿಸುತ್ತಿದ್ದದ್ದು ಇಂಜಿನ್ನಿನ ಸೀಟಿ. ಉಗಿ ಇಂಜಿನ್ನಿನ ಸೀಟಿಗೆ ಒಂದು ಹಿಡಿಕೆ ಇರುತ್ತದೆ. ಅದನ್ನು ಎಳೆಯುವ ಕೈ ಹೇಗೋ ದನಿ ಹಾಗೆ. ಕಾಯಿದೆಯ ಸೀಟಿ ಹೊಡೆದು ಮುಗಿಸಿದ ಮೇಲೆ, ಊರ ಹೊರಗಿನ ಸಿಗ್ನಲ್ ಹತ್ತಿರ ಪ್ರತಿ ಡ್ರೈವರನೂ ತನ್ನದೇ ಒಂದು ಸೀಟಿ ಹೊಡೆಯುತ್ತಿದ್ದ. ಸ್ಟೇಷನ್ ಮಾಸ್ತರರು ಕೇಳಿಸಿದರೂ ಕೇಳಿಸದವರ ಹಾಗೆ ಇರುತ್ತಿದ್ದರು, ಯಾಕೆಂದರೆ ಅವರ ಮನೆಯಲ್ಲೂ ಹೆಂಡತಿ ಇದ್ದಳು.

ಮೌಲಾಲಿಯ ಸೀಟಿ ಒಂದು ಉದ್ದ, ಎರಡು ಗಿಡ್ಡ. ಅದು ಕೇಳಿದ್ದೇ ತಡ, ರಶೀದಾಬೇಗಂ ಒಲೆ ಹಚ್ಚಿ ಹಂಚು ಇಡುತ್ತಿದ್ದಳು. ಅವನು ಇಂಜಿನ್ನನ್ನು ಶೆಡ್ಡಿಗೆ ಒಪ್ಪಿಸಿ, ಮೈಮೇಲಿನ ಮಸಿ ತೊಳೆದುಕೊಂಡು ಹೊಸ್ತಿಲು ದಾಟುವ ಹೊತ್ತಿಗೆ ಮೊದಲ ಜೋಳದ ರೊಟ್ಟಿ ಹಂಚಿನ ಮೇಲೆ ಉಬ್ಬಿರುತ್ತಿತ್ತು. ಮದುವೆಯಾಗಿ ಇಪ್ಪತ್ತು ವರ್ಷವಾಗಿತ್ತು, ಮಗಳು ನೂರಜಹಾನ್ ಶಹಾಬಾದಿನ ಸೊಸೆಯಾಗಿ ಹೋಗಿದ್ದಳು. ಇಷ್ಟು ವರ್ಷದಲ್ಲಿ ಆ ಮನುಷ್ಯ ಒಂದು ದಿನವೂ ಹಸಿವಾಗಿದೆ ಎಂದು ಬಾಯಿಬಿಟ್ಟು ಹೇಳಿದವನಲ್ಲ. ಹೇಳುವ ಕೆಲಸವನ್ನು ಇಂಜಿನ್ನಿಗೆ ಬಿಟ್ಟಿದ್ದ.

ಮೈಸೂರು ರಾಜ್ಯ ಹೋಗಿ ಕರ್ನಾಟಕ ಆಯಿತೆಂದು ಕಚೇರಿಗಳ ಮುಂದೆ ಬೋರ್ಡು ಬದಲಾಯಿಸುತ್ತಿದ್ದ ವರ್ಷ ಅದು. ಒಂದು ದಿನ ಪಕ್ಕದ ಮನೆಯ ಭೀಮಬಾಯಿ ಮೊರ ಹಿಡಿದುಕೊಂಡು ಗೋಡೆಯ ಹತ್ತಿರ ಬಂದಳು. ಅವಳ ಗಂಡ ಅಂಬರಾಯ ಮೌಲಾಲಿಯ ಇಂಜಿನ್ನಿಗೆ ಕಲ್ಲಿದ್ದಲು ಹಾಕುವ ಫೈರ್‌ಮನ್. ಮೊರದಲ್ಲಿ ಕಾಳಿರಲಿಲ್ಲ. ಅಂದರೆ ಬಾಯಲ್ಲಿ ಏನೋ ಇದೆ ಎಂದು ರಶೀದಾಗೆ ಆಗಲೇ ಗೊತ್ತಾಯಿತು.

"ಭಾಬಿ, ಒಂದ್ ಮಾತು ಹೇಳ್ತೀನಿ, ಸಿಟ್ ಮಾಡ್ಕೋಬ್ಯಾಡ್ರಿ. ನಮ್ಮ ಮನಿಯವ್ರು ಬಾಯಿ ತಪ್ಪಿ ಅಂದ್ರು. ಡ್ರೈವರ್ ಸಾಬ್ ಕುರಕುಂಟಾ ಗೇಟಿನ ಹತ್ರ ಬ್ಯಾರೆ ಸೀಟಿ ಹೊಡೀಲಿಕತ್ಯಾರಂತ. ಬುಧವಾರಕ್ಕೊಮ್ಮೆ. ಉದ್ದಕ್ಕ, ರಾಗ ಎಳದು. ಗೇಟ್ ಕಾಯೋ ಹೀರಾಬಾಯಿ ಅದನ್ನ ಕೇಳಿ ಕೈ ಎತ್ತತಾಳಂತ."

"ಗೇಟ್ ಕಾಯೋರು ಕೈ ಎತ್ತಲಾರದ ಏನ್ ಮಾಡ್ಬೇಕು? ಝಂಡಾ ತೋರ್ಸೋದೇ ಆಕಿ ನೌಕರಿ," ಎಂದಳು ರಶೀದಾ.

"ಝಂಡಾ ಒಂದ್ ಕೈಯಾಗ ಇರ್ತದಂತ್ರಿ. ಎತ್ತೋದು ಇನ್ನೊಂದ್ ಕೈ."

ಭೀಮಬಾಯಿ ಖಾಲಿ ಮೊರವನ್ನು ಎರಡು ಸಲ ಕೇರಿ ಒಳಗೆ ಹೋದಳು. ರಶೀದಾ ಆ ಇನ್ನೊಂದು ಕೈಯನ್ನು ಮನಸ್ಸಿನಿಂದ ಕಿತ್ತು ಹಾಕಲು ನೋಡಿದಳು, ಆಗಲಿಲ್ಲ. ಸೀಟಿ ಅಂದರೆ ಸುಮ್ಮನೆ ಸದ್ದಲ್ಲ, ಅದು ಒಬ್ಬ ಗಂಡಸು ಒಬ್ಬ ಹೆಂಗಸನ್ನು ಕರೆಯುವ ದನಿ ಎಂದು ವಾಡಿಯಲ್ಲಿ ಹಾಲು ಕುಡಿಯುವ ಕೂಸಿಗೂ ಗೊತ್ತು. ಒಬ್ಬ ಡ್ರೈವರನಿಗೆ ಎರಡು ಸೀಟಿ ಇದ್ದರೆ ಎರಡು ಒಲೆ ಇದೆ ಎಂದೇ ಅರ್ಥ.

ಅಂಬರಾಯ ನೀರು ತರಲು ನಲ್ಲಿಗೆ ಬಂದಾಗ ಅವಳು ನೇರವಾಗಿ ಕೇಳಿದಳು. ಅವನು ಕೊಡವನ್ನೇ ನೋಡುತ್ತಾ, "ನಾ ಕಲ್ಲಿದ್ದಲಿ ಹಾಕೋದ್ರಾಗ ಇರ್ತೀನ್ರಿ ಭಾಬಿ, ಬೆಂಕಿ ಮುಂದ ಕಿವಿ ಕೇಳಾದಿಲ್ಲ" ಎಂದ. ಹೆಂಡತಿಗೆ ಹೇಳುವಾಗ ಕೇಳಿಸಿದ ಕಿವಿ ಈಗ ಕೇಳಿಸದೆ ಹೋಯಿತು. ಕೊಡ ತುಂಬುವ ಮೊದಲೇ ಅವನು ಎತ್ತಿಕೊಂಡು ನಡೆದ.

ಆಮೇಲೆ ನೋಡಿದ್ದೆಲ್ಲ ಸಾಕ್ಷಿಯಾಗತೊಡಗಿತು. ಬುಧವಾರ ಅವನು ಕುತ್ತಿಗೆಗೆ ಸುತ್ತಿಕೊಳ್ಳುವ ರುಮಾಲು ಹೊಸದಾಗಿ ಒಗೆದದ್ದೇ ಆಗಬೇಕಿತ್ತು. ಬುಧವಾರ ಡಬ್ಬಿಯಲ್ಲಿ ಒಂದು ರೊಟ್ಟಿ ಹೆಚ್ಚು ಕೇಳುತ್ತಿದ್ದ. ಗಡ್ಡ ಕೆರೆಯುವಾಗ ಮೂಗಿನಲ್ಲಿ ಏನೋ ಗುನುಗುತ್ತಿದ್ದ. ಅದು ಕವ್ವಾಲಿಯಲ್ಲ, ಸಿನಿಮಾದ್ದಲ್ಲ, ಮೊಹರಮ್ಮಿನ ಪದವೂ ಅಲ್ಲ. ಅವಳು ಒಳಗೆ ಬಂದರೆ ನಿಲ್ಲುತ್ತಿತ್ತು. ಮಳೆಗಾಲದಲ್ಲಿ ಒಮ್ಮೆ ಊಟಕ್ಕೆ ಕೂತವನು ಇದ್ದಕ್ಕಿದ್ದ ಹಾಗೆ, "ರಶೀದಾ, ಒಬ್ಬ ಮನುಷ್ಯ ಒಂದೇ ಗಂಟಲ್ದಾಗಿಂದ ಒಮ್ಮೆಗೇ ಎರಡು ದನಿ ತಗೀತಾನ ಅಂದ್ರ ನಂಬತಿ?" ಎಂದು ಕೇಳಿದ್ದ. "ಯಾಕ ನಂಬಬಾರ್ದು, ನಿಮ್ಮ ಅಮ್ಮೀಜಾನ್ ಸಾಯೋ ತನಕ ತಗೀತಿದ್ರಲ್ಲ" ಎಂದು ಅವಳು ನಕ್ಕಿದ್ದಳು. ಅವನೂ ನಕ್ಕಿದ್ದ. ಆಮೇಲೆ ಆ ಮಾತು ಮತ್ತೆ ಎತ್ತಲಿಲ್ಲ. ಎರಡು ದನಿಯ ಮನುಷ್ಯ ಯಾರು ಎಂದು ಈಗ ಅವಳಿಗೆ ಹೊಳೆದಂತಾಯಿತು.

ಕೊನೆಗೆ ಅವನ ಕೋಟು ಒಗೆಯಲು ತೆಗೆದಾಗ ಜೇಬಿನಲ್ಲಿ ರೇಡಿಯೊಗೆ ಹಾಕುವ ದಪ್ಪ ಸೆಲ್ಲುಗಳು ಸಿಕ್ಕವು. ಅವರ ಮನೆಯಲ್ಲಿ ರೇಡಿಯೊ ಇರಲಿಲ್ಲ. ಯಾಕೆಂದು ಕೇಳಿದ್ದಕ್ಕೆ "ಡ್ಯೂಟಿ ಲ್ಯಾಂಪಿಗೆ" ಎಂದ. ಡ್ಯೂಟಿಯ ಲ್ಯಾಂಪು ಸೀಮೆಎಣ್ಣೆಯದು, ಅದರ ಬತ್ತಿ ಕತ್ತರಿಸುತ್ತಿದ್ದವಳು ಇವಳೇ. ಇಪ್ಪತ್ತು ವರ್ಷದಲ್ಲಿ ಅವನು ಅವಳಿಗೆ ಹೇಳಿದ ಮೊದಲ ಸುಳ್ಳು ಅದು, ಅಥವಾ ಸಿಕ್ಕಿಬಿದ್ದ ಮೊದಲ ಸುಳ್ಳು.

ಅವತ್ತು ಸಂಜೆ ಸಿಗ್ನಲ್ ಹತ್ತಿರ ಒಂದು ಉದ್ದ, ಎರಡು ಗಿಡ್ಡ ಕೇಳಿದಾಗ ರಶೀದಾ ಎದ್ದೇಳಲಿಲ್ಲ. ಭೀಮಬಾಯಿ ಗೋಡೆಯಾಚೆಯಿಂದ ಕತ್ತು ಚಾಚಿ ಹೊಗೆ ಬರುತ್ತದೋ ಇಲ್ಲವೋ ನೋಡಿದಳು. ಮೌಲಾಲಿ ಬಂದ, ತಣ್ಣಗಿನ ಒಲೆ ನೋಡಿದ, ಮುಚ್ಚಿಟ್ಟಿದ್ದ ಬೆಳಗಿನ ರೊಟ್ಟಿ ತೆಗೆದು ಹಿಂಡಿ ಚಟ್ನಿ ಹಚ್ಚಿಕೊಂಡು ತಿಂದ. ಏನೆಂದು ಕೇಳಲಿಲ್ಲ. ಮರುದಿನವೂ ಹಾಗೇ ಆಯಿತು, ಅದರ ಮರುದಿನವೂ. ತಪ್ಪಿಲ್ಲದವನಾಗಿದ್ದರೆ ಜಗಳಕ್ಕೆ ನಿಲ್ಲುತ್ತಿದ್ದ, ತಟ್ಟೆ ನೂಕುತ್ತಿದ್ದ, ಯಾಕೆ ಎಂದು ಕೂಗುತ್ತಿದ್ದ. ಈ ಗಂಡಸು ತಣ್ಣನೆಯ ರೊಟ್ಟಿಯನ್ನು ಶಿಕ್ಷೆಯ ಹಾಗೆ ನುಂಗುತ್ತಿದ್ದ. ಇನ್ನು ಯಾವ ಪಂಚಾಯಿತಿ ಬೇಕು?

ಬುಧವಾರ ಮಧ್ಯಾಹ್ನದ ಪ್ಯಾಸೆಂಜರ್ ತಾಂಡೂರಿಗೆ ಒಯ್ಯುವುದು ಅವನ ಪಾಳಿ. ಅವನಿಗಿಂತ ಮೊದಲು ಕುರಕುಂಟಾ ಮುಟ್ಟಬೇಕೆಂದು ರಶೀದಾ ಬೆಳಿಗ್ಗೆಯೇ ಬುರ್ಖಾ ಹಾಕಿಕೊಂಡು ಹೊರಟಳು. ಭೀಮಬಾಯಿಗೆ, ಸೇಡಂನಲ್ಲಿ ಅಕ್ಕ ಇಮಾಮ್ಬೀಗೆ ಮೈ ಸರಿ ಇಲ್ಲ ಎಂದಳು. ಸೇಡಂ ತನಕ ಒಂದು ಬಸ್ಸು, ಅಲ್ಲಿಂದ ಇನ್ನೊಂದು. ಅಕ್ಕನ ಮನೆಯ ಓಣಿ ಕಣ್ಣಿಗೆ ಬಿದ್ದಾಗ, ಈಗಲೂ ಇಳಿದು ಬಿಡಲೇ, ನೋಡದಿದ್ದರೆ ಇಲ್ಲವೆಂದೇ ಬದುಕಬಹುದಲ್ಲ ಅನ್ನಿಸಿತು. ಬಸ್ಸು ಅಷ್ಟರಲ್ಲಿ ಊರು ದಾಟಿತ್ತು.

ಗೇಟು ಊರಿಂದ ಸ್ವಲ್ಪ ದೂರ ತೊಗರಿ ಹೊಲಗಳ ನಡುವೆ ಇತ್ತು. ಫರಸಿ ಕಲ್ಲಿನ ಒಂದೇ ಕೋಣೆ, ಮುಂದೊಂದು ಬೇವಿನ ಗಿಡ. ಹೀರಾಬಾಯಿ ಸೀರೆಯ ಮೇಲೆ ಗಂಡಸರ ಖಾಕಿ ಅಂಗಿ ತೊಟ್ಟು ಕಟ್ಟೆಯ ಮೇಲೆ ಕೂತಿದ್ದಳು. ಅವಳ ಗಂಡ ಅಯ್ಯಪ್ಪ ಇದೇ ಗೇಟು ಕಾಯುತ್ತಿದ್ದವನು. ಅವನು ತೀರಿಕೊಂಡ ಮೇಲೆ ಇಲಾಖೆ ನೌಕರಿಯನ್ನು ಅವಳಿಗೆ ಕೊಟ್ಟಿತ್ತು. ಬಿಸಿಲಿಗೆ ಕರ್ರಗಾದ ಮುಖ, ಒಡೆದ ಹಿಮ್ಮಡಿ, ಅಲ್ಲಲ್ಲಿ ಬಿಳಿ ಕೂದಲು. ಚೆಲುವೆಯಾಗಿದ್ದರೆ ಲೆಕ್ಕ ಸರಳವಾಗುತ್ತಿತ್ತು. ಇಂಥವಳಿಗೆ ಮನಸೋತಿದ್ದಾನೆ ಅಂದರೆ ಮಾತು ಆಳಕ್ಕೆ ಹೋಗಿದೆ ಎಂದು ರಶೀದಾಗೆ ಇನ್ನಷ್ಟು ಕಸಿವಿಸಿಯಾಯಿತು.

"ತಾಂಡೂರ್ ಬಸ್ ಕಾಯಲಿಕತ್ತೀನಿ, ಸ್ವಲ್ಪ ನೆರಳಿಗಿ ಕುಂದರ್ಲೇನು?" ಎಂದಳು ನಕಾಬಿನ ಒಳಗಿಂದ.

"ಕುಂದ್ರಿ ಅಮ್ಮ. ನೀರು ಕುಡೀತೀರೇನು?"

ನೀರು ಕುಡಿದಳು. ಬೈಯಬೇಕಾದವಳ ನೀರು ಇಷ್ಟು ತಣ್ಣಗೆ ಇರಬಾರದಿತ್ತು. ಒಂದು ಬಸ್ಸು ಬಂತು, ಹೋಯಿತು. "ಇದೇ ತಾಂಡೂರ್ ಬಸ್ರಿ" ಎಂದಳು ಹೀರಾಬಾಯಿ. "ಮುಂದಿಂದಕ್ಕ ಹೋಗ್ತೀನಿ" ಎಂದಳು ರಶೀದಾ. ಈಗ ಹೀರಾಬಾಯಿಯ ಕಣ್ಣಿನಲ್ಲೂ ಸಂಶಯ ಬಂತು. ಬಸ್ಸು ಹತ್ತದೆ ಗೇಟಿನ ಹತ್ತಿರ ಕೂರುವ ಹೆಂಗಸು ಯಾರು? ಯಾರು ಕಳಿಸಿದ್ದಾರೆ? ಇಬ್ಬರೂ ಒಬ್ಬರನ್ನೊಬ್ಬರು ಓರೆಗಣ್ಣಿನಿಂದ ನೋಡುತ್ತಾ ಕೂತರು.

ಬಿಸಿಲು ಬೇವಿನ ಬುಡ ದಾಟಿದಾಗ ಹೀರಾಬಾಯಿ ಎದ್ದಳು. ಹಳಿಯ ಎರಡೂ ಕಡೆ ನೋಡಿದಳು, ಕೂತವಳನ್ನೂ ನೋಡಿದಳು, ಒಳಗೆ ಹೋಗಿ ಬಾಗಿಲು ಅರ್ಧ ಮುಚ್ಚಿದಳು. ಸ್ವಲ್ಪ ಹೊತ್ತಿಗೆ ಕೋಣೆಯೊಳಗಿಂದ ಒಬ್ಬ ಗಂಡಸಿನ ದನಿ ಬಂತು.

ರಶೀದಾ ಬಾಗಿಲ ಕಡೆ ತಿರುಗಿದಳು. ಮೌಲಾಲಿ ಇನ್ನೂ ಇಂಜಿನ್ ಮೇಲೆ ಇರಬೇಕಲ್ಲ? ಹಾಗಾದರೆ ಇವನ್ಯಾರು? ಅಥವಾ ಪಾಳಿಯೇ ಸುಳ್ಳೋ? ದನಿ ಗುಸುಗುಸು ಏನೋ ಹೇಳಿತು, ನಿಂತಿತು, ಮತ್ತೆ ಹಾಡಿಗೆ ತಿರುಗಿತು. ಇನ್ನು ತಡೆಯಲಾಗಲಿಲ್ಲ. ಅವಳು ಒಂದೇ ಉಸಿರಿಗೆ ಎದ್ದು, ಬಾಗಿಲು ನೂಕಿ ಒಳಗೆ ನುಗ್ಗಿದಳು.

ಒಳಗೆ ಗಂಡಸು ಇರಲಿಲ್ಲ. ಗೋಡೆಯ ಮೂಲೆಯಲ್ಲಿ ತಾಮ್ರದ ಕೊಡ ಒಂದಿತ್ತು, ಅದರ ಮುಂದೆ ಹೀರಾಬಾಯಿ ಕಿವಿ ಕೊಟ್ಟು ಕೂತಿದ್ದಳು. ದನಿ ಬರುತ್ತಿದ್ದದ್ದು ಕೊಡದೊಳಗಿಂದ.

"ಕೊಡದಾಗ ಯಾರದಾರ?" ಎಂದು ಬಿಟ್ಟಳು ರಶೀದಾ. ಆಮೇಲೆ ಎಷ್ಟೋ ವರ್ಷ ಆ ಪ್ರಶ್ನೆ ನೆನೆದು ನಾಚುತ್ತಿದ್ದಳು.

ಹೀರಾಬಾಯಿ ಗಾಬರಿಯಾಗಿ ಕೊಡಕ್ಕೆ ಸೆರಗು ಮುಚ್ಚಿದಳು. "ನನ್ನ ನೌಕರಿ ತಗೀಬ್ಯಾಡ್ರಿ. ಇನ್‌ಸ್ಪೆಕ್ಟರ್ ಸಾಹೇಬ್ರಿಗಿ ಹೇಳಬ್ಯಾಡ್ರಿ. ಗಾಡಿ ಬರೋದು ಕೇಳಬೇಕಂತ ಗೇಟಿನಾಗ ರೇಡಿಯೊ ಇಡಬಾರ್ದು ಅಂತಾರ. ಸಣ್ಣ ಮಾಡಿ ಇಡ್ತೀನ್ರಿ, ಖರೇನ ಸಣ್ಣ. ಕೊಡದಾಗ ಇಟ್ರ ಸಣ್ಣ ದನಿನೂ ದುಂಡಗ ಕೇಳ್ತದ, ಮ್ಯಾಲ ಕಣ್ಣಿಗೂ ಬೀಳಾದಿಲ್ಲ, ಅದಕ್ಕ."

ರಶೀದಾ ನಕಾಬು ಮೇಲಕ್ಕೆ ಎತ್ತಿದಳು. "ನಾ ಮೌಲಾಲಿ ಡ್ರೈವರನ ಮನಿಯಾಕಿ."

ಹೀರಾಬಾಯಿಗೆ ಎಲ್ಲ ಅರ್ಥವಾಯಿತು. ಮುಖ ಕೆಂಪಾಯಿತು, ಆಮೇಲೆ ಸಿಟ್ಟು ಬಂತು, ಆಮೇಲೆ ಅದೂ ಇಳಿಯಿತು. ಸೆರಗು ಸರಿಸಿ, "ಕುಂದ್ರಿ ಭಾಬಿ" ಎಂದಳು. "ಮೊದಲ ಕೇಳ್ರಿ. ಆಮ್ಯಾಲ ಬೈರಿ."

ಕೊಡದಿಂದ ಬರುತ್ತಿದ್ದ ಹಾಡು ಯಾವ ದೇಶದ್ದೋ. ದನಿ ತಳದಿಂದ ಎದ್ದು ಮೇಲೆ ಹೋಗಿ, ಅಲ್ಲೇ ಬಹಳ ಹೊತ್ತು ನಿಂತು, ಇಳಿಯಲೋ ಬೇಡವೋ ಎಂದು ಅನುಮಾನಿಸಿ, ಒಂದೊಂದೇ ಮೆಟ್ಟಿಲು ಇಳಿದು ಬರುತ್ತಿತ್ತು. ಪದ ಒಂದೂ ತಿಳಿಯಲಿಲ್ಲ. ಅದು ಮುಗಿದ ಮೇಲೆ ಒಬ್ಬ ಇಂಗ್ಲಿಷಿನಲ್ಲಿ ಏನೋ ಹೇಳಿದ. ಆಮೇಲೆ ಬಂದದ್ದನ್ನು ಕೇಳಿ ರಶೀದಾ ಗೋಡೆಗೆ ಸರಿದು ಕೂತಳು. ಒಬ್ಬ ಮನುಷ್ಯ ಗಂಟಲಿನಲ್ಲಿ ಗುಡುಗುತ್ತಿದ್ದ, ಅದೇ ಗಂಟಲಿನಿಂದ ಮೇಲೊಂದು ಸಣ್ಣ ಪೀಪಿಯೂ ಊದುತ್ತಿತ್ತು. ಒಂದೇ ಮನುಷ್ಯ, ಎರಡು ದನಿ. ಮಳೆಗಾಲದ ಆ ಊಟ ಅವಳಿಗೆ ನೆನಪಾಯಿತು. ಅವನು ಹೇಳಲು ಬಂದಿದ್ದ. ಅವಳು ಅತ್ತೆಯ ಹೆಸರು ತೆಗೆದು ನಕ್ಕು ಬಾಗಿಲು ಹಾಕಿದ್ದಳು.

"ಭಜನಿ ಹುಡಕಲಿಕ್ಕ ಹೋಗಿ ಇದು ಸಿಕ್ತ್ರಿ," ಎಂದಳು ಹೀರಾಬಾಯಿ. "ನಮ್ಮ ಮನಿಯವ್ರು ಹೋದ ಮ್ಯಾಲ ಅವ್ರ ರೇಡಿಯೊ ಒಂದೇ ಉಳೀತು ಮಾತಾಡ್ಸೋದು. ಮೊದಲ ಕೇಳ್ದಾಗ ದೆವ್ವದ ಗಾಳಿ ಹೊಕ್ಕದ ಅಂತ ಅಂಜಿ ಬಂದ್ ಮಾಡಿದ್ದೆ. ಒಮ್ಮೆ ಎದುರಿನ ಗಾಡಿ ತಡಾ ಅಂತ ಡ್ರೈವರ್ ಸಾಬ್ ಇಲ್ಲೇ ನಿಲ್ಲಿಸಿದ್ರು. ನೀರಿಗಿ ಬಂದೋರು ಕೊಡದ ದನಿ ಕೇಳಿ ನೀರೇ ಮರತ್ರು. ಇಂಗ್ಲಿಷ್ ಅಷ್ಟಿಷ್ಟು ಬರ್ತದಲ್ರಿ ಅವ್ರಿಗಿ. ಇದು ಹಿಮದ ದೇಶದ್ದು, ಇದು ಕುದುರಿ ಮ್ಯಾಲೇ ಬದುಕೋ ಮಂದೀದು, ಇದು ಹೆಣ ಒಯ್ಯುವಾಗ ಬಾರಿಸೋದು ಅಂತ ಬಿಡಿಸಿ ಹೇಳಿದ್ರು. ಬುಧವಾರ ಇದೇ ಹೊತ್ತಿಗಿ ಬರ್ತದ. ಗಾಡಿ ನಿಲ್ಲೋದು ಯಾವಾಗರ ಒಮ್ಮೆ, ಆದ್ರ ಸೆಲ್ಲು, ರೊಟ್ಟಿ ತಪ್ಪದ ಎಸದು ಹೋಗ್ತಾರ. ನಾ ಕಲಬುರಗಿ ಪೂರಾ ನೋಡಿಲ್ಲ ಭಾಬಿ. ಇಲ್ಲಿ ಕುಂತು ಎಲ್ಲೆಲ್ಲೋ ತಿರುಗಿ ಬಂದೀನಿ."

"ನನಗ ಯಾಕ ಮುಚ್ಚಿಟ್ರು?"

"ಕಾಲೊನ್ಯಾಗ ಒಬ್ರಿಗಿ ಗೊತ್ತಾದ್ರ ಗೋಡಿಗೆಲ್ಲ ಗೊತ್ತಾಗ್ತದ, ನಿನ್ನ ನೌಕರಿ ಹೋಗ್ತದ ಅಂತಿದ್ರು."

ಭೀಮಬಾಯಿಯ ಖಾಲಿ ಮೊರ ರಶೀದಾಳ ಕಣ್ಣ ಮುಂದೆ ಬಂತು. ಆದರೂ ಮುಳ್ಳು ಪೂರಾ ಹೊರಬಂದಿರಲಿಲ್ಲ. "ಮತ್ತ ಸೀಟಿ? ಕೈ ಎತ್ತೋದು?"

ಹೀರಾಬಾಯಿ ಈಗ ನಕ್ಕಳು. "ಮೊದಲ ಕೇಳಿದ್ರಲ್ಲ, ಪ್ರತಿ ವಾರ ಅದ್ರಿಂದಾನೆ ಸುರು ಆಗ್ತದ. ಗುಡ್ಡದಾಗ ಕುರಿ ಕಾಯೋರು ಒಬ್ರನ್ನೊಬ್ರು ಕರಿಯೋ ಹಾಡಂತ. ಅದನ್ನ ಇಂಜಿನ್ ಸೀಟಿಯಾಗ ತರಬೇಕಂತ ಜಿದ್ದಿಗಿ ಬಿದ್ದಾರ. ಸರಿ ಹೊಡದ್ರ ಕೈ ಎತ್ತು, ತಪ್ಪಾದ್ರ ಅಲ್ಲಾಡ್ಸು ಅಂತ ಹೇಳ್ಯಾರ."

"ಸರಿ ಹೊಡೀತಾರೇನು?"

"ಎಲ್ಲಿದ್ರಿ. ಕಡೀದು ಇಳಿಸೋದು ಒಮ್ಮೆನೂ ಬಂದಿಲ್ಲ. ಪಾಪ, ಅಷ್ಟ್ ಕಷ್ಟಪಡ್ತಾರ, ಸೆಲ್ ತರ್ತಾರ, ತಪ್ಪು ಅದ ಅಂತ ಹ್ಯಾಂಗ ಹೇಳ್ಲಿ? ಎತ್ತಿ ಬಿಡ್ತೀನಿ."

ಕೊನೆಯಲ್ಲಿ ಅದೇ ಕುರುಬರ ಹಾಡು ಮತ್ತೆ ಬಂತು. ಈ ಸಲ ರಶೀದಾ ಕೊಡದ ಹತ್ತಿರ ಸರಿದು, ಅವನ ಸೀಟಿ ಕೇಳುವಾಗ ಕಿವಿ ಕೊಡುವ ಹಾಗೆ ಕಿವಿ ಕೊಟ್ಟು ಕೇಳಿದಳು. ಹಾಡು ಚೆಂದವೋ ಅಲ್ಲವೋ ಅವಳಿಗೆ ಹೇಳಲು ಬರುತ್ತಿರಲಿಲ್ಲ. ಆದರೆ ಆ ದನಿ ಇಳಿಯುವಾಗ ಕಣ್ಣು ತುಂಬಿ ಬಂತು. ಯಾಕೆಂದು ತಿಳಿಯದೆ ಅವಳಿಗೆ ಸಿಟ್ಟೂ ಬಂತು.

ಹೀರಾಬಾಯಿ ರೇಡಿಯೊ ಬಂದ್ ಮಾಡಿ, ಹೊರಗೆ ಬಂದು ಗೇಟು ಹಾಕಿದಳು. ಎತ್ತಿನ ಬಂಡಿಯವನೊಬ್ಬ ಆಚೆ ನಿಂತ. ದೂರದಲ್ಲಿ ಹೊಗೆ ಕಂಡಿತು. ಹೀರಾಬಾಯಿ ಬಲಗೈಯಲ್ಲಿ ಹಸಿರು ಝಂಡಾ ಹಿಡಿದು ನಿಂತಳು, ರಶೀದಾ ಅವಳ ಎಡಕ್ಕೆ ನಿಂತಳು. ಇಂಜಿನ್ ಮೊದಲು ಕಾಯಿದೆಯ ಸೀಟಿ ಹೊಡೆಯಿತು. ಆಮೇಲೆ ಆ ಇನ್ನೊಂದು ಸೀಟಿ. ತಳದಿಂದ ಎದ್ದಿತು, ಮೇಲೆ ಹೋಗಿ ನಿಂತಿತು, ಅನುಮಾನಿಸಿತು. ಭಲೆ, ಇಲ್ಲಿಯ ತನಕ ಸರಿ ಎಂದುಕೊಂಡಳು ರಶೀದಾ. ಆದರೆ ಇಳಿಯುವಾಗ ಮೆಟ್ಟಿಲು ಬಿಟ್ಟು ಧೊಪ್ಪನೆ ಕೆಳಗೆ ಬಿತ್ತು. ಆತುರ. ಊಟದಲ್ಲೂ ಅದೇ ಆತುರ, ಕೊನೆಯ ತುತ್ತು ಅಗಿಯದೆ ನುಂಗಿ ಏಳುವ ಮನುಷ್ಯ.

ಹೀರಾಬಾಯಿಯ ಎಡಗೈ ಮರ್ಯಾದೆಗೆ ಮೇಲೆ ಏಳುತ್ತಿತ್ತು. ರಶೀದಾ ಅದನ್ನು ಹಿಡಿದು ಕೆಳಗಿಳಿಸಿ, ತನ್ನ ಕೈ ಎತ್ತಿ, ಬಯಲಿಗೆಲ್ಲ ಕಾಣುವ ಹಾಗೆ ಅಲ್ಲಾಡಿಸಿದಳು. ತಪ್ಪು. ತಪ್ಪು.

ಇಂಜಿನ್ ಅವರ ಮುಂದೆ ಹಾಯಿತು. ಮೌಲಾಲಿ ಕಿಟಕಿಯಿಂದ ಅರ್ಧ ಹೊರಗೆ ಬಾಗಿದ್ದ, ಬಾಯಿ ತೆರೆದಿತ್ತು. ಅವನ ಹಿಂದೆ ಅಂಬರಾಯ ಸಲಿಕೆ ಹಿಡಿದು ಹಾಗೇ ನಿಂತುಬಿಟ್ಟಿದ್ದ. ನಕಾಬು ಎತ್ತಿದ ಹೆಂಡತಿ ಬಟಾಬಯಲಿನಲ್ಲಿ ನಿಂತು ಕೈ ಅಲ್ಲಾಡಿಸುವುದನ್ನು ನೋಡಿದ ಗಂಡಸಿಗೆ ಏನನ್ನಿಸಿತೋ. ಎಸೆಯಬೇಕಾದ ರೊಟ್ಟಿಯ ಗಂಟು ಅವನ ಕೈಯಲ್ಲೇ ಉಳಿಯಿತು. ಗಾಡಿಯ ಡಬ್ಬಿಗಳು ಒಂದೊಂದಾಗಿ ಹೋದವು. ಗಾಡಿ ತಿರುವು ದಾಟಿ ಕಣ್ಮರೆಯಾದ ಮೇಲೆ ತೊಗರಿ ಹೊಲದ ಆಚೆಯಿಂದ ಸೀಟಿ ಕೇಳಿತು: ಒಂದು ಉದ್ದ, ಎರಡು ಗಿಡ್ಡ.

"ಇದ್ಯಾವ ದೇಶದ್ರಿ? ಈ ಕಡಿ ಒಮ್ಮೆನೂ ಹೊಡದಿದ್ದಿಲ್ಲ," ಎಂದಳು ಹೀರಾಬಾಯಿ.

"ಇದು ನಮ್ದು," ಎಂದಳು ರಶೀದಾ.

ಬಸ್ಸು ಹಿಡಿದು ಮನೆ ಸೇರುವ ಹೊತ್ತಿಗೆ ಸಂಜೆಯಾಗಿತ್ತು. ಹಿಟ್ಟು ನಾದಿಟ್ಟು ಅವಳು ಹೊಸ್ತಿಲಲ್ಲಿ ಕೂತಳು. ಸಿಗ್ನಲ್ ಹತ್ತಿರ ಸೀಟಿ ಕೇಳಿತು. ಆದರೆ ಮನೆಯದ್ದಲ್ಲ, ಆ ಗುಡ್ಡದ್ದು. ಎದ್ದಿತು, ನಿಂತಿತು, ಅನುಮಾನಿಸಿತು, ಎರಡು ಮೆಟ್ಟಿಲು ನಿಧಾನವಾಗಿ ಇಳಿಯಿತು, ಆಮೇಲೆ ಜಾರಿ ಬಿತ್ತು. ಕಾಲೊನಿಯ ಬಾಗಿಲುಗಳೆಲ್ಲ ತೆರೆದುಕೊಂಡವು. ಭೀಮಬಾಯಿ ಗೋಡೆಯ ಹತ್ತಿರ ಬಂದೇ ಬಂದಳು.

"ಕೇಳಿದ್ರೇನು ಭಾಬಿ? ಈಗ ಊರಾಗೇ ಸುರು ಮಾಡ್ಯಾರ. ಯಾರಿಗ್ರಿ ಅದು?"

"ಯಾರಿಗಾದ್ರೇನು, ಕಡೀದು ಇನ್ನಾ ತಪ್ಪು ಅದ," ಎಂದು ರಶೀದಾ ಎದ್ದು ಒಳಗೆ ಹೋದಳು. ಕುರಕುಂಟಾದ ಹೆಸರು ಅವಳ ಬಾಯಿಂದ ಹೊರಗೆ ಬೀಳಲಿಲ್ಲ.

ಮೌಲಾಲಿ ಬಂದಾಗ ಒಲೆ ಉರಿಯುತ್ತಿತ್ತು. ಅವನು ಅದನ್ನು ನೋಡುತ್ತಾ ಬಾಗಿಲಲ್ಲೇ ನಿಂತ. ಗೇಟಿಗೆ ಯಾಕೆ ಬಂದಿದ್ದೆ ಎಂದು ಅವನು ಕೇಳಲಿಲ್ಲ, ಸೆಲ್ಲಿನ ಸುಳ್ಳಿನ ಮಾತು ಅವಳು ಎತ್ತಲಿಲ್ಲ. ತಟ್ಟೆಯ ಮುಂದೆ ಕೂತ ಮೇಲೆ ಮೆಲ್ಲಗೆ, "ಕಡೀದು ಹ್ಯಾಂಗ ಇಳಿಸ್ಬೇಕು?" ಎಂದ.

"ನಿಧಾನ. ನೀವು ಕರದು ಓಡಿ ಹೋಗ್ತೀರಿ. ಆ ಮನುಷ್ಯ ಕರದು ಕಾಯ್ತಾನ."

"ಅವ್ರ ಮಾತು ನಿನಗ ತಿಳೀತೇನು?"

ರಶೀದಾ ಹಂಚಿನ ಮೇಲಿನ ರೊಟ್ಟಿ ತಿರುವಿದಳು. ಮುಖ ಅವನ ಕಡೆ ಇರಲಿಲ್ಲ.

"ತಿಳೀಲಿಕ್ಕ ಏನದ. ಮನಿ ಕಡಿ ಬರ್ಲಿಕತ್ಯಾನ, ದೂರದಿಂದ ಕರೀಲಿಕತ್ಯಾನ. ಆಕಿ ಸಿಟ್ಟಿಗಿ ಒಲಿ ಹಚ್ಚಿಲ್ಲ."

ಅವಳು ಬಿಸಿ ರೊಟ್ಟಿಯನ್ನು ಅವನ ತಟ್ಟೆಗೆ ಹಾಕಿ, ಇನ್ನೊಂದು ತಟ್ಟಲು ಹಿಟ್ಟಿಗೆ ಕೈ ಹಾಕಿದಳು.